ಚೆಕ್ ಓಡುತ್ತದೆ, ತಂದವರು ನಿಂತೇ ಇರುತ್ತಾರೆ

ಈಗಿನ ಕಾಲದಲ್ಲಿ ಚೆಕ್ ಯಾರ ಕೈಗೆ ಬರುತ್ತದೆ? ತೀರಿಕೊಂಡ ಗಂಡ ಸೊಸೈಟಿಯಲ್ಲಿ ಇಟ್ಟಿದ್ದ ಷೇರು ಹಣವೋ ಠೇವಣಿಯೋ ನಾಮಿನಿಯಾದ ಹೆಂಡತಿಗೆ ಸೇರುವಾಗ ಎಷ್ಟೋ ಕಡೆ ಚೆಕ್ಕಾಗಿಯೇ ಬರುತ್ತದೆ. ಬಾಡಿಗೆ ಮನೆ ಖಾಲಿ ಮಾಡಿದರೆ ಹಿರಿಯ ತಲೆಮಾರಿನ ಮಾಲೀಕರು ಅಡ್ವಾನ್ಸ್ ವಾಪಸು ಕೊಡುವುದು ಚೆಕ್ಕಿನಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಮಕ್ಕಳಿಗೆ ಸಮುದಾಯದ ಸಂಘವೋ ದತ್ತಿ ಟ್ರಸ್ಟೋ ವೇದಿಕೆಯ ಮೇಲೆ ಕೊಡುವ ಲಕೋಟೆಯಲ್ಲಿರುವುದೂ ಚೆಕ್ಕೇ. ಇಬ್ಬರು ಪದಾಧಿಕಾರಿಗಳ ಸಹಿ ಬೇಕಾದ ಸ್ವಸಹಾಯ ಸಂಘ, ದೇವಸ್ಥಾನ ಸಮಿತಿ, ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಇನ್ನೂ ಚೆಕ್ ಹರಿದುಕೊಟ್ಟೇ ವ್ಯವಹಾರ ನಡೆಸುತ್ತವೆ. ಹತ್ತು ಜನರ ದುಡ್ಡಿಗೆ ಇಬ್ಬರು ಜವಾಬ್ದಾರರು ಎಂಬುದನ್ನು ಎಲ್ಲರಿಗೂ ಅರ್ಥವಾಗುವಂತೆ ತೋರಿಸುವ ದಾರಿ ಒಂದೇ ಹಾಳೆಯ ಮೇಲೆ ಬೀಳುವ ಎರಡು ಸಹಿ. ಅಷ್ಟು ಸುಲಭದ ಇನ್ನೊಂದು ದಾರಿ ಅವರಿಗೆ ಸಿಕ್ಕಿಲ್ಲ.

ಹೀಗೆ ಚೆಕ್ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುವವರಲ್ಲಿ ಬಹಳಷ್ಟು ಜನ ದಿನಾ ಬ್ಯಾಂಕಿಗೆ ಬರುವವರಲ್ಲ. ವಯಸ್ಸಾದವರು, ಹೆಂಗಸರು, ವಿದ್ಯಾರ್ಥಿವೇತನ ಪಡೆದ ಹುಡುಗಿಯ ಜೊತೆ ಕೂಲಿ ಬಿಟ್ಟು ಬಂದ ಅಪ್ಪ. ಅವರ ಕೈಯಲ್ಲಿರುವ ಮೊತ್ತ ಅವರ ಮಟ್ಟಿಗೆ ದೊಡ್ಡದು. ಒಂದು ವರ್ಷದ ಫೀಸು, ಒಂದು ಆಪರೇಷನ್ ಖರ್ಚು, ತೀರಿಕೊಂಡವರು ಬಿಟ್ಟುಹೋದ ಒಟ್ಟು ಉಳಿತಾಯ. ಈ ದುಡ್ಡು ಖಾತೆಗೆ ಬೀಳುವ ದಾರಿಯಲ್ಲಿ ಅವರು ಪಡುವ ಪಾಡಿನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು.

ಚೆಕ್ಕಿನ ಕಾಲ ಮುಗಿಯಿತು ಎಂಬ ಮಾತು ಕೇಳಿ ಕೇಳಿ ಅಭ್ಯಾಸವಾಗಿದೆ. 2016ರಲ್ಲಿ ಯುಪಿಐ ಬಂತು. 2019ರ ಡಿಸೆಂಬರಿನಿಂದ ನೆಫ್ಟ್, 2020ರ ಡಿಸೆಂಬರಿನಿಂದ ಆರ್‌ಟಿಜಿಎಸ್ ಹಗಲು ರಾತ್ರಿ ನಡೆಯತೊಡಗಿದವು. ಎಳನೀರಿನ ಗಾಡಿಗೂ ಕ್ಯೂಆರ್ ಕೋಡ್ ಅಂಟಿತು. ಇದೆಲ್ಲ ಆದಮೇಲೂ 2023–24ರ ಒಂದೇ ಹಣಕಾಸು ವರ್ಷದಲ್ಲಿ ದೇಶದ ಕ್ಲಿಯರಿಂಗ್ ವ್ಯವಸ್ಥೆಯಲ್ಲಿ ಸುಮಾರು 66 ಕೋಟಿ ಚೆಕ್ಕುಗಳು ಹಾದುಹೋದವು. ಅವುಗಳ ಒಟ್ಟು ಮೊತ್ತ ಸುಮಾರು 72 ಲಕ್ಷ ಕೋಟಿ ರೂಪಾಯಿ. ಅದೇ ವರ್ಷ ಯುಪಿಐನಲ್ಲಿ 13,000 ಕೋಟಿಗೂ ಹೆಚ್ಚು ವಹಿವಾಟು ನಡೆದು ಸುಮಾರು 200 ಲಕ್ಷ ಕೋಟಿ ರೂಪಾಯಿ ಕೈ ಬದಲಾಯಿಸಿತು. ಭಾಗಿಸಿ ನೋಡಿದರೆ ಒಂದು ಯುಪಿಐ ಪಾವತಿಯ ಸರಾಸರಿ ಸಾವಿರದೈನೂರು ರೂಪಾಯಿಯ ಆಸುಪಾಸು, ಒಂದು ಚೆಕ್ಕಿನ ಸರಾಸರಿ ಒಂದು ಲಕ್ಷದ ಮೇಲೆ. ಕಂಪನಿಗಳ ದೊಡ್ಡ ಚೆಕ್ಕುಗಳು ಈ ಸರಾಸರಿಯನ್ನು ಮೇಲೆತ್ತಿವೆ, ನಿಜ. ಆದರೂ ಸಂಖ್ಯೆ ಇಳಿದಷ್ಟು ವೇಗವಾಗಿ ಚೆಕ್ಕಿನ ತೂಕ ಇಳಿದಿಲ್ಲ. ತರಕಾರಿಗೆ ಫೋನು, ಸೈಟಿಗೆ ಚೆಕ್ ಎನ್ನುವ ಹಾಗೆ ಜನ ತಾವಾಗಿಯೇ ಒಂದು ಗೆರೆ ಎಳೆದುಕೊಂಡಿದ್ದಾರೆ.

ಇನ್ನು ಬ್ಯಾಂಕಿನ ಒಳಗೆ ಆಗಿರುವ ಬದಲಾವಣೆ. ಮೊದಲು ಚೆಕ್ ಅಂದರೆ ಚೀಲದಲ್ಲಿ ಓಡಾಡುವ ವಸ್ತು. ಊರಿನ ಬ್ಯಾಂಕುಗಳ ಗುಮಾಸ್ತರು ತಂತಮ್ಮ ಕಟ್ಟುಗಳನ್ನು ಹೊತ್ತು ಕ್ಲಿಯರಿಂಗ್ ಹೌಸಿನಲ್ಲಿ ಸೇರಿ, ನಿಮ್ಮದು ನಿಮಗೆ ನಮ್ಮದು ನಮಗೆ ಎಂದು ಬದಲಾಯಿಸಿಕೊಂಡು ಬರುತ್ತಿದ್ದರು. ಪರಊರಿನ ಚೆಕ್ಕಾದರೆ ‘ಕಲೆಕ್ಷನ್‌ಗೆ ಕಳಿಸಿದೀವಿ’ ಎಂಬ ಒಂದೇ ಉತ್ತರ. ಅದು ಅಂಚೆಯಲ್ಲಿ ಹೋಗಿ ಪಾಸಾಗಿ ಬರಲು ವಾರಗಳು ಬೇಕಿದ್ದವು. 2008ರ ಫೆಬ್ರುವರಿಯಲ್ಲಿ ದೆಹಲಿ ಸೀಮೆಯಲ್ಲಿ ಚೆಕ್ ಟ್ರಂಕೇಷನ್ ಎಂಬ ವ್ಯವಸ್ಥೆ ಶುರುವಾಯಿತು. ಜನ ಅದನ್ನು ಸಿಟಿಎಸ್ ಎಂದೇ ಕರೆಯುತ್ತಾರೆ. 2011ರಲ್ಲಿ ಚೆನ್ನೈಗೂ 2013ರಲ್ಲಿ ಮುಂಬೈಗೂ ಬಂತು. ಬೆಂಗಳೂರು ಸೇರಿದಂತೆ ದಕ್ಷಿಣದ ಊರುಗಳು ಚೆನ್ನೈ ಗ್ರಿಡ್ಡಿನ ಅಡಿಯಲ್ಲಿ ಸೇರಿಕೊಂಡವು.

ಇದರ ತಿರುಳು ಇಷ್ಟೇ. ಹಣ ಜಮಾ ಆಗಬೇಕಾದ ಬ್ಯಾಂಕಿನಲ್ಲೇ ಚೆಕ್ ನಿಂತುಬಿಡುತ್ತದೆ. ಮುಂದಕ್ಕೆ ಹೋಗುವುದು ಅದರ ಮುಂಭಾಗ ಹಿಂಭಾಗದ ಚಿತ್ರ ಮತ್ತು ಕೆಳಗಿನ ಬಿಳಿ ಪಟ್ಟಿಯಲ್ಲಿ ಕಾಂತೀಯ ಶಾಯಿಯಲ್ಲಿ ಅಚ್ಚಾದ ಅಂಕಿಗಳು. ಆ ಪಟ್ಟಿಯಲ್ಲಿ ಮೊದಲ ಆರು ಅಂಕಿ ಚೆಕ್ಕಿನ ಸಂಖ್ಯೆ, ಆಮೇಲಿನ ಒಂಬತ್ತು ಎಂಐಸಿಆರ್. ಒಂಬತ್ತರಲ್ಲಿ ಮೊದಲ ಮೂರು ಊರು, ನಡುವಿನ ಮೂರು ಬ್ಯಾಂಕು, ಕೊನೆಯ ಮೂರು ಶಾಖೆ. 560 ಎಂದಿದ್ದರೆ ಬೆಂಗಳೂರು. ಹಾಳೆಯನ್ನು ಬೆಳಕಿಗೆ ಹಿಡಿದರೆ ‘ಸಿಟಿಎಸ್ ಇಂಡಿಯಾ’ ಎಂಬ ನೀರುಗುರುತು ಕಾಣುತ್ತದೆ. ಹಣ ಕೊಡಬೇಕಾದ ಬ್ಯಾಂಕು ಚಿತ್ರ ನೋಡಿ, ಸಹಿ ತಾಳೆ ನೋಡಿ, ಆಯಿತು ಎನ್ನುತ್ತದೆ. ಮೂಲ ಕಾಗದವನ್ನು ಅದು ಕಾಣುವುದೇ ಇಲ್ಲ. ಕಾಗದವನ್ನು ಜಮಾ ಮಾಡಿಕೊಂಡ ಬ್ಯಾಂಕೇ ಹತ್ತು ವರ್ಷ ಜೋಪಾನ ಮಾಡಬೇಕು.

ಮುಂದೆ ಮೂರು ಗ್ರಿಡ್ಡುಗಳು ಸೇರಿ ದೇಶಕ್ಕೆಲ್ಲ ಒಂದೇ ಗ್ರಿಡ್ ಆಯಿತು. ಎಲ್ಲ ಶಾಖೆಗಳೂ 2021ರ ಸೆಪ್ಟೆಂಬರ್ 30ರೊಳಗೆ ಈ ವ್ಯವಸ್ಥೆಗೆ ಸೇರಲೇಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಹಾಕಿತು. ಕೊನೆಗೆ 2025ರ ಅಕ್ಟೋಬರ್ 4ರಂದು ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬಂತು. ದಿನಕ್ಕೊಮ್ಮೆ ಗುಂಪಾಗಿ ಕಳಿಸುವ ಪದ್ಧತಿ ಹೋಗಿ, ಆರಂಭದಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಸ್ಕ್ಯಾನ್ ಆದ ಚೆಕ್ ಆದ ಹಾಗೆಯೇ ಹೊರಡತೊಡಗಿತು. ಹಣ ಕೊಡಬೇಕಾದ ಬ್ಯಾಂಕು ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ಸುಮ್ಮನಿದ್ದರೆ ಒಪ್ಪಿದಂತೆ ಲೆಕ್ಕ. ಲೆಕ್ಕ ಚುಕ್ತಾ ಆದ ಒಂದು ಗಂಟೆಯೊಳಗೆ ಗ್ರಾಹಕರ ಖಾತೆಗೆ ದುಡ್ಡು ಬೀಳಬೇಕು. ಮೊದಲ ವಾರಗಳಲ್ಲಿ ಹಣ ತಡವಾಯಿತೆಂಬ ದೂರುಗಳು ಬಂದವು. ಮೂರೇ ಗಂಟೆಯಲ್ಲಿ ಉತ್ತರ ಹೇಳಬೇಕೆಂಬ ಎರಡನೇ ಹಂತ 2026ರ ಜನವರಿ 3ಕ್ಕೆ ಬರಬೇಕಿತ್ತು, ಅದನ್ನು ರಿಸರ್ವ್ ಬ್ಯಾಂಕ್ ಮುಂದೂಡಿತು. ಏನೇ ಇರಲಿ, ಬೆಳಿಗ್ಗೆ ಸ್ಕ್ಯಾನ್ ಆದ ಚೆಕ್ ರಾತ್ರಿಯೊಳಗೆ ಪಾಸಾಗುವುದು ಈಗ ನಿಯಮ. ವಾರಗಟ್ಟಲೆ ಕಾದ ತಲೆಮಾರಿಗೆ ಇದು ಸಣ್ಣ ಸಂಗತಿಯಲ್ಲ. ಇದನ್ನು ಸಾಧಿಸಿದವರನ್ನು ಮನಸಾರೆ ಮೆಚ್ಚಬೇಕು.

ಆದರೆ ನಿಯಮದ ಗಡಿಯಾರ ಶುರುವಾಗುವುದು ಸ್ಕ್ಯಾನ್ ಆದಮೇಲೆ. ಅದಕ್ಕೂ ಮೊದಲು, ಚೆಕ್ ತಂದವರ ಕೈಯಿಂದ ಸ್ಕ್ಯಾನರಿನ ಬಾಯಿಯವರೆಗೆ, ಗಡಿಯಾರವೇ ಇಲ್ಲ.

ಮಲೆನಾಡಿನ ಒಂದು ತಾಲ್ಲೂಕು ಊರಿನ ಶಾಖೆಯಲ್ಲಿ ಈಚೆಗೆ ಕಂಡದ್ದನ್ನು ಹೇಳುತ್ತೇನೆ. ಅರವತ್ತು ದಾಟಿದ ಹೆಂಗಸು. ರೇಷನ್ ಕಾರ್ಡು, ಆಧಾರ್ ಎಲ್ಲ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆ ಮಾಡಿದ ಚೆಕ್ ತೆಗೆದು ಕೌಂಟರಿನ ಗಾಜಿನ ಕೆಳಗೆ ತೂರಿಸಿದರು.

“ಇದನ್ನ ಎಲ್ಲಿ ಕೊಡ್ಬೇಕಪ್ಪ?”

“ಅಲ್ಲಿ ಡಬ್ಬಿ ಇದೆಯಲ್ಲ ಅಮ್ಮ, ಚಲನ್ ಬರ್ದು ಹಾಕಿ ಹೋಗಿ.”

“ಕೊಟ್ಟಿದ್ದಕ್ಕೆ ಒಂದು ಸೀಲು ಹಾಕಿ ಚೀಟಿ ಕೊಡಲ್ವಾ?”

“ಸೀಲು ಗೀಲು ಏನೂ ಇಲ್ಲ ಈಗ. ಮೊಬೈಲಿಗೆ ಮೆಸೇಜ್ ಬರತ್ತೆ.”

“ಬ್ಯಾಂಕಿಗೆ ಕೊಟ್ಟಿರೋ ನಂಬರು ಮಗಂದು. ಅವ್ನು ಬೆಂಗಳೂರಲ್ಲಿದಾನೆ.”

ಕೌಂಟರಿನ ಹುಡುಗ ಒರಟನಲ್ಲ. ಅವನ ಮುಂದೆ ಹತ್ತು ಜನ ನಿಂತಿದ್ದರು. ಪಾಸ್‌ಬುಕ್ ಎಂಟ್ರಿ ಮಾಡುವ ಯಂತ್ರ ಕೆಟ್ಟಿತ್ತು, ಪಕ್ಕದ ಎರಡು ಕುರ್ಚಿ ಖಾಲಿ ಇದ್ದವು. ಶಾಖೆಗಳಲ್ಲಿ ಗುಮಾಸ್ತರು ಕಡಿಮೆಯಾಗುತ್ತಿರುವುದು ಯಾರ ಕಣ್ಣಿಗಾದರೂ ಕಾಣುತ್ತದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಅವನನ್ನೂ ಆಕೆಯನ್ನೂ ಹಾಗೆ ಎದುರುಬದುರು ನಿಲ್ಲಿಸಿದ ಏರ್ಪಾಡಿನ ಮೇಲೆ.

ಚಲನ್ ನಾನು ಬರೆದುಕೊಟ್ಟೆ. ದಿನಾಂಕ, ಖಾತೆದಾರರ ಹೆಸರು, ಖಾತೆ ಸಂಖ್ಯೆ, ಚೆಕ್ಕಿನ ಸಂಖ್ಯೆ, ಯಾವ ಬ್ಯಾಂಕು, ಯಾವ ಶಾಖೆ, ಮೊತ್ತ ಅಂಕಿಯಲ್ಲಿ, ಮೊತ್ತ ಅಕ್ಷರದಲ್ಲಿ. ಇಷ್ಟನ್ನೂ ಎಡಗಡೆಯ ಸಣ್ಣ ಭಾಗದಲ್ಲೊಮ್ಮೆ, ಬಲಗಡೆಯ ದೊಡ್ಡ ಭಾಗದಲ್ಲೊಮ್ಮೆ. ಖಾತೆ ಸಂಖ್ಯೆ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿತ್ತು. ಬೆವರಿಗೋ ಮಳೆಗೋ ಶಾಯಿ ಹರಡಿ 3 ಯಾವುದು 8 ಯಾವುದು ಗೊತ್ತಾಗುತ್ತಿರಲಿಲ್ಲ. ಒಳಪುಟದ ಎಂಟ್ರಿಗಳ ನೆತ್ತಿಯ ಮೇಲೆ ಸಂಖ್ಯೆ ಸಿಕ್ಕಿತು. ಚೆಕ್ಕಿನ ಬೆನ್ನಿಗೂ ಅದೇ ಸಂಖ್ಯೆ, ಫೋನ್ ನಂಬರ್ ಬರೆದದ್ದಾಯಿತು. ಒಂದು ಮಡಿಕೆಯ ಗೆರೆ ಸರಿಯಾಗಿ ಕೆಳಗಿನ ಬಿಳಿ ಪಟ್ಟಿಯ ಮೇಲೆಯೇ ಹಾದಿತ್ತು, ಅದನ್ನು ಬೆರಳಲ್ಲಿ ತೀಡಿ ನೇರ ಮಾಡಿದೆವು. ಚಲನ್ನಿಗೆ ಪಿನ್ನು ಹೊಡೆಯುವಂತಿಲ್ಲ, ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಗೋಂದಿನ ಬಾಟಲಿ ಖಾಲಿಯಾಗಿತ್ತು. ಇಷ್ಟು ಮಾಡಿ ಡಬ್ಬಿಯ ಮುಂದೆ ಹೋದರೂ ಆಕೆಗೆ ಅದರೊಳಗೆ ಚೆಕ್ ಬಿಡಲು ಕೈ ಬರಲಿಲ್ಲ. ಅವರು ಹೇಳಿದ ಮೊತ್ತ ಆ ಮನೆಗೆ ಎರಡು ವರ್ಷದ ಖರ್ಚು. ಬೀಗ ಹಾಕಿದ ಡಬ್ಬಿಗೆ ಅದನ್ನು ಹಾಕಿ, ಕೈಯಲ್ಲಿ ಬ್ಯಾಂಕಿನವರ ಒಂದು ಗುರುತೂ ಇಲ್ಲದೆ ಬಸ್ಸು ಹತ್ತುವುದಕ್ಕೆ ಯಾರಿಗಾದರೂ ಧೈರ್ಯ ಬರುತ್ತದೆಯೆ?

ಆಗ ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಕೌಂಟರಿನ ಹುಡುಗನಿಗೆ ಕೇಳುವಂತೆ ಹೇಳಿದರು: “ಡಬ್ಬಿ ಮೇಲೇ ಬರ್ದಿದೆಯಲ್ಲ ಸಾರ್, ಓದಿ.” ನಿಜ, ಬರೆದಿತ್ತು. ಅದರ ಮೇಲೆ ಒಂದು ಸಾಲದ ಜಾಹೀರಾತಿನ ಹಾಳೆ ಅರ್ಧ ಮುಚ್ಚಿಕೊಂಡಿತ್ತು. ಚೆಕ್ಕನ್ನು ಕೌಂಟರಿನಲ್ಲೂ ಕೊಟ್ಟು ಚಲನ್ನಿನ ಮೇಲೆ ಸ್ವೀಕೃತಿ ಪಡೆಯಬಹುದು ಎಂದು. ಹುಡುಗ ಎದ್ದು ಬಂದು ಸೀಲು ಹೊಡೆದು, ತಾರೀಕು ಹಾಕಿ, ಸಹಿ ಮಾಡಿ ಎಡಗಡೆಯ ತುಂಡನ್ನು ಹರಿದುಕೊಟ್ಟ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಆ ಬರಹ ಶಾಖೆಯ ಔದಾರ್ಯವಲ್ಲ, ರಿಸರ್ವ್ ಬ್ಯಾಂಕಿನ ಆದೇಶ. ಗ್ರಾಹಕ ಸೇವೆಯ ಸುತ್ತೋಲೆಯಲ್ಲಿ ಅದು ಖಚಿತವಾಗಿದೆ. ಡಬ್ಬಿ ಇದ್ದರೂ ಕೌಂಟರಿನಲ್ಲಿ ಚೆಕ್ ತೆಗೆದುಕೊಳ್ಳುವ ಏರ್ಪಾಡು ಇರಲೇಬೇಕು, ಕೌಂಟರಿನಲ್ಲಿ ಕೊಟ್ಟವರಿಗೆ ಸ್ವೀಕೃತಿ ಕೊಡಲು ಯಾವ ಶಾಖೆಯೂ ಒಲ್ಲೆ ಎನ್ನುವಂತಿಲ್ಲ, ಈ ಸಂಗತಿಯನ್ನು ಡಬ್ಬಿಯ ಮೇಲೆ ಇಂಗ್ಲಿಷ್, ಹಿಂದಿ ಮತ್ತು ಆ ರಾಜ್ಯದ ಭಾಷೆಯಲ್ಲಿ ಬರೆದಿರಬೇಕು. ಚಲನ್, ಪಾಸ್‌ಬುಕ್ಕು, ಖಾತೆ ತೆರೆಯುವ ಅರ್ಜಿ ಕೂಡ ಮೂರು ಭಾಷೆಯಲ್ಲಿರಬೇಕು. ಇವು ಬಹಳ ವರ್ಷಗಳಿಂದ ಇರುವ ನಿಯಮಗಳು. ಸ್ವೀಕೃತಿ ಕೇಳುವುದು ಹಟವಲ್ಲ, ಹಕ್ಕು. ನಮ್ಮ ಜನ ಬ್ಯಾಂಕಿನಲ್ಲಿ ದಬಾಯಿಸಿ ಕೇಳುವವರಲ್ಲ. ಕೇಳದವರಿಗೂ ಸಿಗಬೇಕು ಎಂಬುದಕ್ಕೇ ನಿಯಮ ಇರುವುದು.

ಆ ತುಂಡು ಕಾಗದ ಯಾಕೆ ಮುಖ್ಯ ಎಂದರೆ, ಚೆಕ್ ಕಳೆದುಹೋಗುವುದು ಉಂಟು. ಬ್ಯಾಂಕಿನ ಕೈ ಸೇರಿದ ಮೇಲೆ ದಾರಿಯಲ್ಲೋ ಹಣ ಕೊಡಬೇಕಾದ ಶಾಖೆಯಲ್ಲೋ ಚೆಕ್ ಕಳೆದರೆ ಅದರ ಹೊಣೆ ಬ್ಯಾಂಕಿನದು. ತಕ್ಷಣ ಗ್ರಾಹಕರಿಗೆ ತಿಳಿಸಬೇಕು, ಇನ್ನೊಂದು ಚೆಕ್ ಬರೆಸಿಕೊಳ್ಳಲು ತಗಲುವ ಖರ್ಚನ್ನು ಕೊಡಬೇಕು, ತಡವಾದ ದಿನಗಳಿಗೆ ಬಡ್ಡಿ ಕೊಡಬೇಕು. ಆದರೆ ಡಬ್ಬಿಗೆ ಹಾಕಿದ ಚೆಕ್ ಬ್ಯಾಂಕಿನ ಕೈ ಸೇರಿತೆಂದು ತೋರಿಸುವುದು ಹೇಗೆ? ಎಡಗಡೆಯ ತುಂಡಿನ ಮೇಲೆ ಗ್ರಾಹಕರೇ ಬರೆದ ಅಂಕಿಗಳಿರುತ್ತವೆ, ಬ್ಯಾಂಕಿನದ್ದು ಏನೂ ಇರುವುದಿಲ್ಲ. ಹಕ್ಕೆಲ್ಲ ಆ ಸೀಲಿನ ಮೇಲೆಯೇ ನಿಂತಿದೆ.

ಇನ್ನು ಡಬ್ಬಿಯ ಬೀಗ ತೆಗೆಯುವುದು ಯಾವಾಗ? ಬಹಳಷ್ಟು ಕಡೆ ದಿನಕ್ಕೊಮ್ಮೆ. ಆ ಹೊತ್ತು ಮೀರಿ ಹಾಕಿದ್ದು ನಾಳೆಗೆ. ಶನಿವಾರ ಮಧ್ಯಾಹ್ನವಾದರೆ ಸೋಮವಾರಕ್ಕೆ. ನಡುವೆ ಹಬ್ಬ ಬಂದರೆ ಇನ್ನೂ ಮುಂದಕ್ಕೆ. ತೆಗೆದಮೇಲೂ ಎಲ್ಲ ಶಾಖೆಯಲ್ಲೂ ಸ್ಕ್ಯಾನರ್ ಇರಲೇಬೇಕೆಂದಿಲ್ಲ. ಶಾಖೆಯಲ್ಲೇ ಸ್ಕ್ಯಾನ್ ಮಾಡಬಹುದು, ಇಲ್ಲವೇ ಸುತ್ತಲಿನ ಶಾಖೆಗಳ ಚೆಕ್ಕನ್ನೆಲ್ಲ ಒಂದು ಕೇಂದ್ರಕ್ಕೆ ತರಿಸಿ ಅಲ್ಲಿ ಮಾಡಬಹುದು ಎಂದು 2021ರ ಆದೇಶವೇ ಬ್ಯಾಂಕುಗಳಿಗೆ ಆಯ್ಕೆ ಬಿಟ್ಟಿದೆ. ಎರಡನೆಯ ದಾರಿ ಹಿಡಿದ ಕಡೆ ಚೆಕ್ ಮತ್ತೆ ಕಟ್ಟಾಗಿ ವಾಹನ ಹತ್ತುತ್ತದೆ. ದೆಹಲಿಯ ಬ್ಯಾಂಕಿಗೆ ಚಿತ್ರ ಕ್ಷಣದಲ್ಲಿ ಹೋಗುವ ಕಾಲದಲ್ಲಿ ಪಕ್ಕದ ಜಿಲ್ಲಾ ಕೇಂದ್ರಕ್ಕೆ ಕಾಗದ ಘಾಟಿ ಇಳಿದು ಹೋಗಬೇಕು. ಇಲ್ಲಿ ಕಳೆದ ದಿನಗಳನ್ನು ಯಾರೂ ಲೆಕ್ಕ ಇಡುವುದಿಲ್ಲ. ಕ್ಲಿಯರಿಂಗಿನ ಅಂಕಿ ಅಂಶದಲ್ಲಿ ಆ ಚೆಕ್ ಅದೇ ದಿನ ಪಾಸಾಯಿತೆಂದೇ ದಾಖಲಾಗುತ್ತದೆ. ಬಸ್ಸಿನ ದುಡ್ಡು ಕೊಟ್ಟು ಬಂದು ನಾಲ್ಕು ದಿನ ಕಾದವರಿಗೆ ಮಾತ್ರ ಅದು ನಾಲ್ಕು ದಿನದ ಚೆಕ್.

ನನ್ನ ಅಹವಾಲು ಇಷ್ಟು. ಗಡಿಯಾರ ಗ್ರಾಹಕರ ಕೈಯಿಂದ ಶುರುವಾಗಲಿ. ಕೌಂಟರಿನಲ್ಲಿ ಕೊಟ್ಟ ಕ್ಷಣವೇ ಆ ಚೆಕ್ಕಿನ ಹೊತ್ತು ದಾಖಲಾಗಲಿ. ಅಂಗೈಯಗಲದ ಸ್ಕ್ಯಾನರುಗಳು ಈಗ ಇವೆ. ಚೆಕ್ ತೂರಿಸಿದರೆ ಅದರ ಚಿತ್ರವನ್ನೇ ಅಚ್ಚು ಹಾಕಿ ರಸೀದಿ ಕೊಡುವ ಯಂತ್ರಗಳನ್ನು ಕೆಲವು ಬ್ಯಾಂಕುಗಳು ನಗರಗಳಲ್ಲಿ ಈಗಾಗಲೇ ಇಟ್ಟಿವೆ. ಅವು ಮೊದಲು ಬೇಕಾದದ್ದು ಬೆಂಗಳೂರಿನ ಜಯನಗರಕ್ಕಲ್ಲ, ಮುಂದಿನ ಬಸ್ಸು ಎರಡು ಗಂಟೆಗೆ ಇರುವ ಊರುಗಳಿಗೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮವರು ಅಲ್ಲಿ ಚೆಕ್ಕಿನ ಫೋಟೊ ತೆಗೆದು ಮನೆಯಿಂದಲೇ ಜಮಾ ಮಾಡುವುದನ್ನು ನೋಡಿ ಬಂದು ಹೇಳುತ್ತಾರೆ. 2004ರಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನು ಚೆಕ್ಕಿನ ಚಿತ್ರಕ್ಕೆ ಮಾನ್ಯತೆ ಕೊಟ್ಟಿತು, ಫೋನು ಬಂದಮೇಲೆ ಆ ಸ್ಕ್ಯಾನರ್ ಗ್ರಾಹಕರ ಕೈಗೇ ಬಂತು. ನಮ್ಮಲ್ಲಿ ಅದು ರೂಢಿಗೆ ಬಂದಿಲ್ಲ. ಮೂಲ ಕಾಗದ ಬ್ಯಾಂಕಿನ ವಶದಲ್ಲೇ ಇರಬೇಕು, ನೀರುಗುರುತು ನೋಡಬೇಕು ಎಂಬ ಎಚ್ಚರ ತಪ್ಪಲ್ಲ. ಒಂದೇ ಚೆಕ್ಕನ್ನು ಎರಡು ಕಡೆ ಹಾಕುವ ಮೋಸಕ್ಕೆ ಅಲ್ಲಿ ದಾರಿಯಾಗಿರುವುದೂ ಹೌದು. ಆ ಎಚ್ಚರ ಇರಲಿ. ಆದರೆ ಅದರ ಭಾರವನ್ನೆಲ್ಲ ನಡೆಯಲಾರದವರ ಕಾಲಿಗೆ ಕಟ್ಟಬಾರದು.

ಜಮಾ ಆದಮೇಲಿನ ಕಥೆ ಬೇರೆ. ‘ಚೆಕ್ ಹಾಕಿದೀನಿ, ದುಡ್ಡು ಬಿದ್ದಿಲ್ಲ’ ಎಂಬ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಹೆಸರು. ಅಕೌಂಟ್ ಪೇಯಿ ಎಂದು ಎರಡು ಗೆರೆ ಎಳೆದ ಚೆಕ್ ಯಾರ ಹೆಸರಿಗಿದೆಯೋ ಅವರ ಖಾತೆಗೇ ಹೋಗಬೇಕು. ನಮ್ಮ ಹೆಸರುಗಳೋ ಕಾಗದದಿಂದ ಕಾಗದಕ್ಕೆ ಬೇರೆ. ಪಹಣಿಯಲ್ಲಿ ‘ಲಕ್ಷ್ಮಮ್ಮ ಕೋಂ ತಿಮ್ಮೇಗೌಡ’, ಆಧಾರಿನಲ್ಲಿ ‘ಲಕ್ಷ್ಮಮ್ಮ ಟಿ’, ಪಾಸ್‌ಬುಕ್ಕಿನಲ್ಲಿ ‘ಲಕ್ಷ್ಮಿ’, ಸೊಸೈಟಿಯ ಪುಸ್ತಕದಲ್ಲಿ ಊರಿನ ಹೆಸರು ಮುಂದೆ ಸೇರಿಸಿ ಇನ್ನೊಂದು. ಚೆಕ್ ಬರೆಯುವ ಕಾರ್ಯದರ್ಶಿ ತನ್ನ ಪುಸ್ತಕದಲ್ಲಿರುವುದನ್ನೇ ಬರೆಯುತ್ತಾನೆ. ಬ್ಯಾಂಕಿನವರು ಹೆಸರು ತಾಳೆಯಾಗುತ್ತಿಲ್ಲ ಎನ್ನುತ್ತಾರೆ. ಹೆಸರನ್ನು ಚೆಕ್ಕಿನ ಮೇಲೆಯೇ ತಿದ್ದಿ ಪಕ್ಕದಲ್ಲಿ ಸಹಿ ಹಾಕುವ ಹಳೆಯ ಉಪಾಯ ಈಗ ನಡೆಯುವುದಿಲ್ಲ. ಸಿಟಿಎಸ್ ಬಂದಮೇಲೆ ತಾರೀಕನ್ನು ಬಿಟ್ಟು ಬೇರೆ ಯಾವ ತಿದ್ದುಪಡಿಯೂ ಸಲ್ಲದು, ಹೊಸ ಚೆಕ್ಕೇ ಬರೆಯಬೇಕು. ಇಬ್ಬರ ಸಹಿಯ ಸಂಘವಾದರೆ ಅಧ್ಯಕ್ಷರು ಊರಿಗೆ ಬರುವವರೆಗೆ ಕಾಯಬೇಕು. ಚೆಕ್ ಇಸಿದುಕೊಳ್ಳುವಾಗಲೇ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಕೊಟ್ಟು ‘ಇದರಲ್ಲಿರೋ ಹಾಗೇ ಹೆಸರು ಬರೀರಿ’ ಎಂದುಬಿಡುವುದು ಒಳ್ಳೆಯದು. ಎಷ್ಟೋ ಅಲೆದಾಟ ಅಲ್ಲೇ ತಪ್ಪುತ್ತದೆ.

ಪತ್ತಿನ ಸಹಕಾರ ಸಂಘದಲ್ಲಿ ಮಾತ್ರ ಖಾತೆ ಇರುವವರಿಗೂ ಒಂದು ದಾರಿ ಇದೆ. 50,000 ರೂಪಾಯಿ ಮೀರದ ಅಕೌಂಟ್ ಪೇಯಿ ಚೆಕ್ಕನ್ನು ಸಂಘದ ಸದಸ್ಯರ ಪರವಾಗಿ ಸಂಘದ ಖಾತೆಗೆ ವಸೂಲಿ ಮಾಡಿಕೊಡಲು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅವಕಾಶ ಕೊಟ್ಟಿದೆ. ಹಳ್ಳಿಯ ಸಂಘಗಳಿಗೆ ಇದು ಉಪಯೋಗದ ಸಂಗತಿ, ಶಾಖೆಯಲ್ಲಿ ಕೇಳಿ ನೋಡಬೇಕು.

ಚೆಕ್ಕನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಬರೆಯಬಹುದು. ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ಬರೆಯಲು ಗ್ರಾಹಕರಿಗೆ ಸ್ವಾತಂತ್ರ್ಯ ಇದೆ. ಕೌಂಟರಿನ ಆಚೆ ಕೂತವರಿಗೆ ಕನ್ನಡ ಬಾರದಿದ್ದರೆ ಅದು ಚೆಕ್ಕಿನ ದೋಷವಲ್ಲ. ಈಗ ಚಿತ್ರ ಯಾವುದೋ ಊರಿನ ಕೇಂದ್ರದಲ್ಲಿ ತೆರೆದುಕೊಳ್ಳುವ ಕಾಲ. ಅಲ್ಲೂ ಕನ್ನಡ ಓದುವವರನ್ನು ಕೂರಿಸುವ ಜವಾಬ್ದಾರಿ ಬ್ಯಾಂಕುಗಳದು. ಶಾಖೆಗಳಲ್ಲಿ ಕನ್ನಡಕ್ಕಾಗಿ ಇಷ್ಟು ಮಾತಾಡುವ ನಾವು ಈ ಕಣ್ಣಿಗೆ ಕಾಣದ ಮೇಜುಗಳ ಬಗ್ಗೆಯೂ ಕೇಳಬೇಕು.

ಪಾಸಾಗದೆ ಬಂದ ಚೆಕ್ಕಿನ ಜೊತೆ ಒಂದು ಮೆಮೊ ಬರುತ್ತದೆ. ಅದನ್ನು ಓದದೆ ‘ಬೌನ್ಸ್ ಆಯ್ತು’ ಎಂದು ಹೆದರುವುದು ಬೇಡ. ಖಾತೆಯಲ್ಲಿ ಹಣವಿಲ್ಲ ಎಂಬುದು ಒಂದು. ಸಹಿ ತಾಳೆಯಾಗಿಲ್ಲ ಎಂಬುದು ಇನ್ನೊಂದು. ಚಿತ್ರ ಸ್ಪಷ್ಟವಿಲ್ಲ ಎಂಬುದೂ ಒಂದು ಕಾರಣವೇ. ಚಿತ್ರ ಮಸುಕಾದದ್ದು ಸ್ಕ್ಯಾನ್ ಮಾಡಿದವರಿಂದ, ಚೆಕ್ ತಂದವರಿಂದಲ್ಲ. ಗ್ರಾಹಕರ ತಪ್ಪಿಲ್ಲದ ಇಂಥ ತಾಂತ್ರಿಕ ಕಾರಣಕ್ಕೆ ವಾಪಸಾದ ಚೆಕ್ಕನ್ನು, ರಜೆ ಬಿಟ್ಟು 24 ಗಂಟೆಯೊಳಗೆ, ಬ್ಯಾಂಕೇ ಮತ್ತೆ ಕ್ಲಿಯರಿಂಗಿಗೆ ಕಳಿಸಿ ಗ್ರಾಹಕರಿಗೆ ತಿಳಿಸಬೇಕು, ಅದಕ್ಕೆ ಶುಲ್ಕ ಹಿಡಿಯಬಾರದು. ಪಾಸ್‌ಬುಕ್ಕಿನಲ್ಲಿ ರಿಟರ್ನ್ ಚಾರ್ಜ್ ಎಂದು ಬಿದ್ದಿದ್ದರೆ ಕಾರಣ ಕೇಳಬೇಕು.

ಚೆಕ್ ಕೊಡುವವರಿಗೂ ಹೊಸ ಕೆಲಸ ಬಂದಿದೆ. 2021ರ ಜನವರಿ 1ರಿಂದ ಪಾಸಿಟಿವ್ ಪೇ ಎಂಬ ಏರ್ಪಾಡಿದೆ. 50,000 ಅಥವಾ ಅದಕ್ಕೆ ಮೇಲಿನ ಚೆಕ್ ಬರೆದರೆ ಅದರ ಸಂಖ್ಯೆ, ತಾರೀಕು, ಯಾರ ಹೆಸರಿಗೆ, ಎಷ್ಟು ಎಂಬುದನ್ನು ತನ್ನ ಬ್ಯಾಂಕಿಗೆ ಮೊದಲೇ ತಿಳಿಸುವುದು. ಬೇಕೋ ಬೇಡವೋ ಎಂಬುದು ಗ್ರಾಹಕರ ಇಷ್ಟ, ಆದರೆ 5 ಲಕ್ಷದಿಂದ ಮೇಲಕ್ಕೆ ಬ್ಯಾಂಕುಗಳು ಇದನ್ನು ಕಡ್ಡಾಯ ಮಾಡಬಹುದು. ಖೊಟ್ಟಿ ಚೆಕ್ಕುಗಳ ಕಾಟ ನೋಡಿದರೆ ಇದು ಬೇಕಾದದ್ದೇ. ಮಗಳ ಮದುವೆಗೆ ಛತ್ರದವರಿಗೆ ಚೆಕ್ ಕೊಟ್ಟ ಅಪ್ಪನಿಗೆ ಹೀಗೊಂದು ಇದೆ ಎಂದು ಚೆಕ್‌ಬುಕ್ ಕೊಡುವಾಗಲೇ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ಹೇಳುವವರಿಲ್ಲದೆ ಚೆಕ್ ವಾಪಸಾಗಿ ಮರ್ಯಾದೆ ಹೋಗುವುದು ಅವನದು.

ಹಣವಿಲ್ಲದೆ ವಾಪಸಾದ ಚೆಕ್ಕಿಗೆ ಕಾನೂನಿನ ಬಲ ಇದೆ. ಹುಂಡಿ, ಪ್ರಾಮಿಸರಿ ನೋಟು, ಚೆಕ್ಕುಗಳ ಕಾಯ್ದೆ 1881ರದು. ಚೆಕ್ ಬೌನ್ಸ್ ಅಪರಾಧ ಎಂಬ 138ನೇ ಕಲಂ 1989ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮೆಮೊ ಸಿಕ್ಕ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡರಷ್ಟು ಮೊತ್ತದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದರೆ 2019ರ ಕೊನೆಯ ಹೊತ್ತಿಗೆ ಇಂಥ 35 ಲಕ್ಷಕ್ಕೂ ಹೆಚ್ಚು ಕೇಸುಗಳು ದೇಶದ ಕೋರ್ಟುಗಳಲ್ಲಿ ಬಾಕಿ ಇದ್ದವೆಂದು ಸುಪ್ರೀಂ ಕೋರ್ಟೇ ಕಳವಳಪಟ್ಟಿತ್ತು. ಇಲ್ಲಿ ಒಂದು ತಾರೀಕು ಯಾರೂ ಮರೆಯಬಾರದು. ಚೆಕ್ಕಿನ ಆಯಸ್ಸು ಮೊದಲು ಆರು ತಿಂಗಳಿತ್ತು, 2012ರ ಏಪ್ರಿಲ್ 1ರಿಂದ ಮೂರೇ ತಿಂಗಳು. ದೇವರ ಮನೆಯಲ್ಲಿ ಇಟ್ಟು ‘ಹಬ್ಬ ಕಳೀಲಿ, ಹಾಕೋಣ’ ಎಂದುಕೊಂಡವರು ಕಷ್ಟಕ್ಕೆ ಸಿಕ್ಕಿದ್ದಾರೆ.

ನಮ್ಮ ರಾಜ್ಯದವರಿಗೆ ಇನ್ನೊಂದು ಪೆಟ್ಟೂ ಬಿತ್ತು. ಬ್ಯಾಂಕುಗಳ ತೌರೂರಾದ ಈ ನೆಲದಿಂದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಐಎಫ್‌ಎಸ್‌ಸಿ ಬದಲಾಯಿತು, ಎಂಐಸಿಆರ್ ಬದಲಾಯಿತು, ಹಳೆಯ ಚೆಕ್‌ಬುಕ್ಕುಗಳು ಗಡುವಿನ ನಂತರ ನಡೆಯದಾದವು. ಬೀರುವಿನಲ್ಲಿ ಹಳೇ ಬ್ಯಾಂಕಿನ ಚೆಕ್‌ಬುಕ್ಕು ಇಟ್ಟುಕೊಂಡ ಹಿರಿಯರು ಈಗಲೂ ಇದ್ದಾರೆ. ಅವರಿಂದ ಚೆಕ್ ಇಸಿದುಕೊಳ್ಳುವವರು ಮೇಲಿನ ಹೆಸರನ್ನು ಒಮ್ಮೆ ನೋಡಿಕೊಳ್ಳಬೇಕು.

ಅದೇ ಸಿಂಡಿಕೇಟ್ ಬ್ಯಾಂಕು ಉಡುಪಿಯಲ್ಲಿ ಹುಟ್ಟಿದ್ದು 1925ರಲ್ಲಿ. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಮನೆ ಬಾಗಿಲಿಗೆ ಏಜೆಂಟರನ್ನು ಕಳಿಸಿ ಸಂಗ್ರಹಿಸಿತು. ಬೀಡಿ ಕಟ್ಟುವವರು, ನೇಕಾರರು ಬ್ಯಾಂಕಿಗೆ ಬರಲಾರರು ಎಂದು ಬ್ಯಾಂಕೇ ಅವರ ಹತ್ತಿರ ನಡೆದುಹೋಯಿತು. ಆ ನಡಿಗೆಯ ನೆನಪು ನಮ್ಮ ಬ್ಯಾಂಕುಗಳಿಗೆ ಇರಬೇಕಿತ್ತು.

ಬ್ರಿಟನ್ನಿನಲ್ಲಿ 2018ರೊಳಗೆ ಚೆಕ್ ನಿಲ್ಲಿಸುತ್ತೇವೆಂದು 2009ರಲ್ಲಿ ಹೇಳಿದರು. ಹಿರಿಯರ ಮತ್ತು ದತ್ತಿ ಸಂಸ್ಥೆಗಳ ವಿರೋಧಕ್ಕೆ ಮಣಿದು 2011ರಲ್ಲಿ ಆ ಮಾತನ್ನು ವಾಪಸು ಪಡೆದರು. ನಮ್ಮಲ್ಲಿ ಚೆಕ್ ನಿಲ್ಲಿಸುತ್ತೇವೆಂದು ಯಾರೂ ಹೇಳಿಲ್ಲ. ಹೇಳದೆಯೇ ಕೌಂಟರು ಕಡಿಮೆಯಾದರೆ, ಸೀಲು ಮಾಯವಾದರೆ ಆಗುವುದೂ ಅದೇ. ಮತ್ತು ಆಗ ವಿರೋಧಿಸಲು ಒಂದು ಆದೇಶದ ಪ್ರತಿ ಕೂಡ ಕೈಯಲ್ಲಿರುವುದಿಲ್ಲ.

ಎಪ್ಪತ್ತು ದಾಟಿದವರು, ಅಂಗವಿಕಲರು, ದೃಷ್ಟಿ ಇಲ್ಲದವರು ಮನೆಯಲ್ಲಿದ್ದರೆ ಒಂದು ಕೆಲಸ ಮಾಡಬಹುದು. 2017ರ ನವೆಂಬರ್ 9ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಇವರಿಗಾಗಿ ಮನೆ ಬಾಗಿಲಿನ ಸೇವೆ ಕೊಡಲು ಪ್ರಯತ್ನಿಸಬೇಕೆಂದು ಬ್ಯಾಂಕುಗಳಿಗೆ ಹೇಳಿದೆ. ಮನೆಗೆ ಬಂದು ನಗದು ಮತ್ತು ಚೆಕ್ಕನ್ನು ರಸೀದಿ ಕೊಟ್ಟು ಒಯ್ಯುವುದೂ ಅದರಲ್ಲಿ ಸೇರಿದೆ. ಸರ್ಕಾರಿ ಬ್ಯಾಂಕುಗಳೆಲ್ಲ ಸೇರಿ 2020ರಲ್ಲಿ ಒಂದು ಸಮಾನ ಸೇವೆಯನ್ನೂ ಆರಂಭಿಸಿವೆ. ಶಾಖೆಯ ಮ್ಯಾನೇಜರ್ ಹೆಸರಿಗೆ ಕನ್ನಡದಲ್ಲೇ ಅರ್ಜಿ ಬರೆಯಿರಿ. ಖಾತೆ ಸಂಖ್ಯೆ, ವಯಸ್ಸು, ವಿಳಾಸ ಹಾಕಿ, ಈ ಸೇವೆ ನಮ್ಮ ಊರಿಗೆ ಇದೆಯೇ, ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ. ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಚೆಕ್ಕಿಗೆ ಸ್ವೀಕೃತಿ ಕೊಡದಿದ್ದ, ತಡ ಮಾಡಿದ ದೂರಿಗೂ ಇದೇ ಕ್ರಮ. 30 ದಿನದೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಆನ್‌ಲೈನ್ ಬಾರದವರು ಅಂಚೆಯಲ್ಲೂ ಕಳಿಸಬಹುದು. ಸೀಲು ಬಿದ್ದ ಆ ಪ್ರತಿಯ ಜೆರಾಕ್ಸನ್ನು ಜೊತೆಗಿಡಿ.